ಕೂರಲು ಹಾಸಿದ ಕಂಬಳಿ

ಮಾಡದಕೆರೆಯಿಂದ ನಾನು ಮೊದಲು ಕಾಲು ಕಿತ್ತಿದ್ದು ಎತ್ತು ಹೂಡದ ಒಂದು ಸೋಮವಾರ. ಹೆಗಲ ಮೇಲೆ ತೀರಿಹೋದ ಅಪ್ಪನ ಕಂಬಳಿಯಿತ್ತು. ಸಾವಿರದ ಒಂಬೈನೂರ ಎಪ್ಪತ್ತೈದರ ಸುಮಾರಿಗೆ, ದೇಶದೇಶದ ಹುಡುಗ ಹುಡುಗಿಯರು ಸ್ನೇಹ ಬೆಳೆಸಲು ಹೊರಟಿದ್ದ ಹಡಗಿನಲ್ಲಿ ಪಾತ್ರೆ ತಿಕ್ಕುವ ಕೆಲಸ ಸಿಕ್ಕಿತು. ಕೊನೆಯ ಸಂಜೆ ಅವರೆಲ್ಲ ಕಾಣಿಕೆ ಬದಲಾಯಿಸಿಕೊಳ್ಳುತ್ತಿದ್ದಾಗ ಜಪಾನಿನ ಹುಡುಗನೊಬ್ಬ ನನ್ನ ಹತ್ತಿರವೂ ಬಂದ. ಮನೆಗೆ ಬಂದವರಿಗೆ ಹಾಸುವಂತೆ ಕಂಬಳಿ ಹಾಸಿ, ಕೂರು ಅಂತ ಕೈ ತೋರಿಸಿದೆ. ಅವನು ಕೂರಲಿಲ್ಲ. ಬಾಗಿ ವಂದಿಸಿ, ಕಂಬಳಿ ಮಡಚಿ ಎದೆಗವಚಿಕೊಂಡು, ತನ್ನ ಟೈ ಬಿಚ್ಚಿ ನನ್ನ ಕೊರಳಿಗೆ ಹಾಕಿ ಹೋದ.

"ಲೇ, ಅದು ಕೊಡಾಕಲ್ಲ, ಕುಂತ್ಕಳಾಕೆ ಅಂತ ಹೇಳಬಾರದೇನಲೇ?" ಅಂದ ಹಡಗಿನ ಅಡುಗೆಯವನು, ನಮ್ಮ ಕಡೆಯ ಚಿಕ್ಕಜಾಜೂರಿನವನು.

"ಹಾಸಿದ್ದನ್ನ ಹೆಂಗಣ್ಣ ವಾಪಸ್ ಎಳಕಳ್ಳಾದು? ಅಪ್ಪನ ವಾಸನೆ ಅದ್ರಾಗೊಂದೇ ಉಳಿದಿತ್ತು."

ಮರುದಿನ ಬಂದರಿನಲ್ಲಿ ಇಳಿಯಲೆಂದು ಬಟ್ಟೆಬರೆ ಸುತ್ತಿ ಆ ಟೈಯಲ್ಲೇ ಬಿಗಿದೆ. ಒಳ್ಳೇ ರೇಷ್ಮೆ, ಗಂಟು ಮಾತ್ರ ನಿಲ್ಲುತ್ತಿರಲಿಲ್ಲ.