ಇಲ್ಲಿಂದ ಹೊಳಿ ಕಾಣೂದಿಲ್ಲ

ಜಮಖಂಡಿಯ ನಮ್ಮ ಓಣಿಯ ಸರಿತಾಳ ಬಗ್ಗೆ ಬರೆಯಬೇಕೆಂದರೆ ಮೊದಲು ನನ್ನ ತಪ್ಪನ್ನೇ ಹೇಳಿಕೊಳ್ಳಬೇಕು. ಮೂವತ್ತು ವರ್ಷ ಸಾಲೆಯಲ್ಲಿ ಕನ್ನಡ ಕಲಿಸಿದವನು ನಾನು. ಒಂದು ಸಾಲು ಚಂದ ಬರೆಯಲು ಹೋಗಿ ಅವಳ ನೌಕರಿಗೇ ಕುತ್ತು ತಂದಿದ್ದೆ.

ಸರಿತಾ ಧರ್ಮರಾಜ ಸಾವುಕಾರರ ಕಚೇರಿಯಲ್ಲಿ ಟೈಪಿಂಗ್ ಮಾಡುತ್ತಿದ್ದಳು. ಸಾವುಕಾರರು ಊರ ಹೊರಗಿನ ಎತ್ತರದ ಮಡ್ಡಿಯ ಮೇಲೆ ಇಪ್ಪತ್ತು ಮನೆ ಕಟ್ಟಿಸಿದ್ದರು. 2009ರಲ್ಲಿ ಮನೆ ಕೊಳ್ಳುವವರೇ ಇಲ್ಲದಂತಾಯಿತು. ಬಂದವರೂ ‘ಮುಂದಿನ ವರ್ಷ ನೋಡೂಣ್ರಿ’ ಎಂದು ಚಹಾ ಕುಡಿದು ಎದ್ದು ಹೋಗುತ್ತಿದ್ದರು.

“ವೆಬ್‌ಸೈಟ್ ಮಾಡೂಣ್ರಿ. ಪುಣೆ, ಇಚಲಕರಂಜಿಯೊಳಗ ಇರೋ ನಮ್ಮ ಮಂದಿ ನೋಡ್ತಾರ” ಎಂದಳು ಸರಿತಾ. ಆ ವಿದ್ಯೆಯನ್ನು ಪುಸ್ತಕ ನೋಡಿ ತಾನೇ ಕಲಿತಿದ್ದಳು.

ಸಾವುಕಾರರು ಒಪ್ಪಿದರು, ಆದರೆ ಖಡಕ್ಕಾಗಿ ಹೇಳಿದರು: “ದೀಪಾವಳಿ ತನಕ ನೋಡತೇನವಾ. ಒಂದರ ಮನಿ ಹೋಗಲಿಲ್ಲಂದ್ರ ಆಫೀಸ ಮುಚ್ಚತೇನಿ.”

ಆಫೀಸು ಮುಚ್ಚಿದರೆ ಅವಳು ತಾಯಿಯೊಂದಿಗೆ ಸೊಲ್ಲಾಪುರದ ಅಣ್ಣನ ಮನೆ ಸೇರಬೇಕು. ತಾಯಿ ಮರೆವ್ವ ಬೀಳಗಿ ಕಡೆಯ ಮುಳುಗಡೆ ಊರಿನವಳು. ಆಣೆಕಟ್ಟಿನ ಹಿನ್ನೀರು ಮನೆ ನುಂಗಿದಾಗ ಒಮ್ಮೆ ಊರು ಬಿಟ್ಟಿದ್ದಳು. ಸಾವುಕಾರರ ಮಾತು ಕಿವಿಗೆ ಬಿದ್ದ ದಿನವೇ ಅಡುಗೆಯ ಭಾಂಡಿಗಳನ್ನೆಲ್ಲ ಹಳೆಯ ಸೀರೆಯಲ್ಲಿ ಗಂಟು ಕಟ್ಟಿ ಬಾಗಿಲ ಹಿಂದೆ ಇಟ್ಟಳು. ಅಂದಿನಿಂದ ಮನೆಗೆ ಹೋದವರಿಗೆ ಬರೀ ನೀರು. “ಚಹಾದ ಭಾಂಡಿ ಗಂಟಿನ್ಯಾಗ ಐತ್ರಿ ಮಾಸ್ತರ್ರ” ಎನ್ನುತ್ತಿದ್ದಳು.

ವೆಬ್‌ಸೈಟಿನ ಮೊದಲ ಪುಟಕ್ಕೆ ಸರಿತಾ ಚಿಕ್ಕಪಡಸಲಗಿಯ ಬಳಿ ತೆಗೆದ ತುಂಬಿದ ಹೊಳೆಯ ಫೋಟೋ ಹಾಕಿದಳು. ಅದರ ಕೆಳಗೆ ನನ್ನ ಸಾಲು: ‘ಕೃಷ್ಣೆಯ ತೆರೆಗಳು ನಿಮ್ಮ ಹೊಸ್ತಿಲಿಗೆ ಜೋಗುಳ ಹಾಡುತ್ತವೆ.’ ನಾನದನ್ನು ಓಣಿಯ ತುಂಬ ಓದಿ ಹೇಳಿದ್ದೆ.

ಫೋನುಗಳೇನೋ ಬಂದವು. ಹೆಚ್ಚಿನವರದು ಒಂದೇ ಪ್ರಶ್ನೆ: “ಮುಳುಗಡಿ ಆಗ್ತದೇನ್ರಿ?” ಇಲ್ಲ, ಹೊಳೆ ಬಹಳ ದೂರವಿದೆ ಎಂದರೆ, “ಮತ್ತ ಹೊಸ್ತಿಲಕ್ಕ ಬರ್ತದಂತ ನೀವ ಬರದೀರಲ್ರಿ!” ಎಂದು ಫೋನಿಡುತ್ತಿದ್ದರು. ಮಂದಿಗೆ ಸಾಹಿತ್ಯ ತಿಳಿಯುವುದಿಲ್ಲ ಎಂದು ನಾನು ಸಿಟ್ಟಾದೆ.

ಒಂದು ಸಂಜೆ ಮರೆವ್ವ, “ಏನ್ ಬರದೀರಿ, ನನಗೂ ಒಂದೀಟ ಓದ್ರಿ” ಎಂದಳು. ರಾಗವಾಗಿ ಓದಿದೆ.

“ಹೊಸ್ತಿಲಕ್ಕ ನೀರ ಬಂದ್ರ ಯಾವಾಕಿ ಜೋಗುಳ ಹಾಡ್ತಾಳ್ರಿ ಮಾಸ್ತರ್ರ? ಗಂಟ ಕಟ್ಟತಾಳ. ಆ ಮಡ್ಡಿ ಮ್ಯಾಲ ನಿಂತ್ರ ಹೊಳಿ ಕಾಣೂದಿಲ್ಲ. ಅದನ್ನ ಬರೀರಿ.”

ಸರಿತಾ ನಕ್ಕಳು. ನನಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

ಮರುದಿನ ಅವಳು ಪುಟದಿಂದ ಹೊಳೆಯನ್ನೂ ನನ್ನನ್ನೂ ಒಟ್ಟಿಗೇ ಕಿತ್ತು ಹಾಕಿದಳು. ಎಲ್ಲಿಂದಲೋ ತಂದಿದ್ದ ಸೋಫಾಗಳ ದೊಡ್ಡ ಚಿತ್ರಗಳೂ ಹೋದವು. ಅವು ತೆರೆದುಕೊಳ್ಳುವಷ್ಟರಲ್ಲಿ ನೆಟ್ ಅಂಗಡಿಯಲ್ಲಿ ಕೂತವರು ಎದ್ದೇ ಹೋಗುತ್ತಿದ್ದರಂತೆ. ಅವುಗಳ ಜಾಗಕ್ಕೆ ಅದೇ ಮನೆಗಳ ಅಡುಗೆಮನೆ, ನಳ, ಬಸ್ ನಿಲ್ಲುವ ಜಾಗ ಬಂದವು. ಬನಹಟ್ಟಿಯ ನೇಕಾರರು ಕೇಳಿದ್ದ ‘ಮಗ್ಗ ಹಾಕಬಹುದೇನ್ರಿ?’ ಎಂಬುದಕ್ಕೂ ಉತ್ತರ ಬರೆದಳು. ಮೇಲೆ ಫೋನ್ ನಂಬರು, ಅದರ ಕೆಳಗೆ ದಪ್ಪಕ್ಷರದಲ್ಲಿ ತಾಯಿಯ ಮಾತು: ‘ಇಲ್ಲಿಂದ ಹೊಳಿ ಕಾಣೂದಿಲ್ಲ.’

“‘ಕಾಣುವುದಿಲ್ಲ’ ಅಂತ ತಿದ್ದವಾ” ಎಂದೆ. ಹುಟ್ಟುಗುಣ ಸುಟ್ಟರೂ ಹೋಗದು.

“ಸರ್, ನೀವು ಸುಮ್ಮ ಕೂಡ್ರಿ” ಎಂದಳು.

ದೀಪಾವಳಿಗೆ ಎಂಟು ದಿನವಿದ್ದಾಗ ಸಮೀರವಾಡಿಯ ಸಕ್ಕರೆ ಕಾರ್ಖಾನೆಯ ಚನಮಲ್ಲಪ್ಪ ತನ್ನ ತಾಯಿಯನ್ನು ಕರೆದುಕೊಂಡು ಮಡ್ಡಿಯ ಮನೆ ನೋಡಲು ಬಂದ. ಪುಣೆಯಲ್ಲಿದ್ದ ಅವನ ತಮ್ಮ ಆ ಪುಟ ನೋಡಿ ಹೇಳಿದ್ದನಂತೆ. ಮುದುಕಿ ಮನೆಯೊಳಗೆ ಕಾಲಿಡಲಿಲ್ಲ, ಹೊರಗಿನ ಮೆಟ್ಟಿಲಿಂದ ನೇರ ಮಾಳಿಗೆ ಹತ್ತಿದಳು. ಹಣೆಗೆ ಕೈ ಹಚ್ಚಿ ನಾಲ್ಕೂ ದಿಕ್ಕಿಗೆ ನಿಧಾನವಾಗಿ ತಿರುಗಿದಳು. ಕೆಳಗೆ ನಿಂತ ಸರಿತಾ ಅವಳನ್ನೇ ನೋಡುತ್ತಿದ್ದಳು. ನಾನೂ.

“ಖರೆ ಐತಪಾ, ಕಾಣವಲ್ದು” ಎಂದಳು ಮುದುಕಿ. “ತಗೊ.”

ಆ ಸಂಜೆಯೇ ಸಾವುಕಾರರು ಆಫೀಸು ಮುಚ್ಚುವ ಮಾತು ಬಿಟ್ಟರು. ಎದೆಯ ಮೇಲಿನ ಕಲ್ಲು ಇಳಿದಂತಾಗಿ ನಾನು ಸರಿತಾಳ ಮನೆಗೆ ಹೋದೆ. ಬಾಗಿಲ ಹಿಂದೆ ಕಸಬರಿಗೆ ಮಾತ್ರ ಇತ್ತು. ಹಳೆಯ ಸೀರೆ ತೊಳೆದು ಅಂಗಳದಲ್ಲಿ ಒಣಹಾಕಿದ್ದರು. ನಾನು ಕೂಡುವ ಮೊದಲೇ ಒಳಗಿನಿಂದ ಮರೆವ್ವ ಕೇಳಿದಳು:

“ಮಾಸ್ತರ್ರ, ಚಹಾಕ್ಕ ಸಕ್ಕರಿ ಎಷ್ಟ ಹಾಕ್ಲಿ?”