ಹಾಲಿನ ಮಿಷಿನ್ನಿನಲ್ಲಿ ಪೆಟ್ರೋಲ್ ತೂಗಿದ್ದು

ಆತಗೂರಿನ ಆಚೆಗೆ ನಮ್ಮೂರು. ಅಲ್ಲಿನ ಹೆಂಗಸರ ಹಾಲಿನ ಡೇರಿಗೆ ನಾನು ಕಾರ್ಯದರ್ಶಿ. ದಿನಕ್ಕೆರಡು ಹೊತ್ತು ಹಾಲು ತೂಗುವುದು, ಲ್ಯಾಕ್ಟೋಮೀಟರ್ ತೇಲಿಬಿಟ್ಟು ನೀರು ಬೆರೆಸಿದವರನ್ನು ಹಿಡಿಯುವುದು ನನ್ನ ಕೆಲಸ. ವರ್ಷಗಟ್ಟಲೆ ಇದನ್ನೇ ಮಾಡಿದವಳಿಗೆ ಯಾರ ಮುಖ ನೋಡಿದರೂ ಮೊದಲು ಅನುಮಾನವೇ ಬರುತ್ತದೆ. ಗಂಡನ ಷರ್ಟಿನ ಜೇಬನ್ನೂ ನಾನು ಬಿಟ್ಟವಳಲ್ಲ. ಇದನ್ನು ಹೆಮ್ಮೆಯಿಂದ ಹೇಳಿಕೊಂಡು ತಿರುಗುತ್ತಿದ್ದೆ ಬೇರೆ.

ಕರೆಂಟು ಹೋದರೆ ಹಾಲು ತೂಗುವ ಮಿಷಿನ್ನಿಗೂ ದೀಪಕ್ಕೂ ಒಂದು ಸಣ್ಣ ಪೆಟ್ರೋಲ್ ಜನರೇಟರ್ ಇದೆ. ಅದನ್ನು ಓಡಿಸುತ್ತಿದ್ದವರು ನಮ್ಮ ಬೀದಿಯ ಹಿರಿಯರೊಬ್ಬರು. ನೆಂಟರಲ್ಲ, ಆದರೆ ಈ ಊರಿಗೆ ಸೊಸೆಯಾಗಿ ಬಂದ ದಿನದಿಂದ ನಾನು ಅವರನ್ನು ಮಾವ ಎಂದೇ ಕರೆದವಳು. ಮಂಡಿ ನೋವಿನಿಂದ ಗದ್ದೆಗೆ ಇಳಿಯಲಾಗದ ಮೇಲೆ ಅವರಿಗೆ ಉಳಿದಿದ್ದು ಇದೊಂದೇ ಕೆಲಸ. ಎಷ್ಟು ಹೊತ್ತು ಓಡಿತು, ಎಷ್ಟು ಪೆಟ್ರೋಲ್ ಹಾಕಿದೆ ಎಂದು ಅವರು ಹೇಳುತ್ತಿದ್ದರು, ನಾನು ಬರೆದುಕೊಳ್ಳುತ್ತಿದ್ದೆ.

“ಗಂಟ್ಗೆ ಒಂದ್ ಲೀಟ್ರು ಕುಡೀತದೆ ಕಣವ್ವ ಈ ಮುಂಡೇದು” ಅನ್ನುತ್ತಿದ್ದರು.

ಆ ಬೇಸಿಗೆಯಲ್ಲಿ ಕರೆಂಟು ಹೋಗುವುದು ಜಾಸ್ತಿಯಾಯಿತು. ಪೆಟ್ರೋಲಿನ ಕ್ಯಾನು ಮೇಲೆ ಕ್ಯಾನು ಖಾಲಿ. ಮಾವ ಪ್ರತಿ ಸೋಮವಾರ ಮೊಪೆಡ್ ಹತ್ತಿ ಬೆಳಕವಾಡಿಯ ಮಗಳ ಮನೆಗೆ ಹೋಗಿಬರುವುದು ನನ್ನ ಕಣ್ಣಿಗೆ ಬಿತ್ತು. ಅಲ್ಲಾ, ಮಳವಳ್ಳಿ ದಾಟಿ ಅಷ್ಟು ದೂರ ಹೋಗಲು ಇವರಿಗೆ ಪೆಟ್ರೋಲ್ ಎಲ್ಲಿಂದ ಬರುತ್ತದೆ? ಒಂದು ದಿನ ಅವರು ಕಂಬಿಯ ಮೇಲೆ ಹಾಕಿದ್ದ ಟವಲನ್ನು ಮೂಸಿ ನೋಡಿದೆ. ಪೆಟ್ರೋಲ್ ವಾಸನೆ. ಜನರೇಟರಿಗೆ ಪೆಟ್ರೋಲ್ ಹಾಕುವವರ ಟವಲು ಇನ್ನೇನು ಮಲ್ಲಿಗೆ ಘಮ್ಮೆನ್ನುತ್ತದೆಯೇ? ಅಷ್ಟು ಯೋಚಿಸುವ ತಾಳ್ಮೆ ನನಗೆಲ್ಲಿತ್ತು.

ಮುಂದಿನ ಸೋಮವಾರ ಮಧ್ಯಾಹ್ನ, ಅವರು ಬೆಳಕವಾಡಿಗೆ ಹೋಗಿದ್ದಾಗ, ಡೇರಿಯ ಮುಂಬಾಗಿಲು ಹಾಕಿಕೊಂಡೆ. ಹಿತ್ತಿಲಿನಲ್ಲಿದ್ದ ಜನರೇಟರಿನ ಟ್ಯಾಂಕನ್ನು ಕಂಠದವರೆಗೆ ತುಂಬಿಸಿ ಗಡಿಯಾರ ನೋಡಿಕೊಂಡು ಒಂದು ಗಂಟೆ ಓಡಿಸಿದೆ. ಅದು ಓಡುತ್ತಿರುವಾಗ ಪೆಟ್ರೋಲ್ ಕ್ಯಾನನ್ನು ಹಾಲಿನ ಮಿಷಿನ್ನಿನ ಮೇಲಿಟ್ಟು ಎಷ್ಟಿದೆ ಎಂದು ಬರೆದುಕೊಂಡೆ. ಜನರೇಟರ್ ಆರಿದ ಮೇಲೆ ಟ್ಯಾಂಕನ್ನು ಮತ್ತೆ ಕಂಠದವರೆಗೆ ತುಂಬಿಸಿ ಕ್ಯಾನನ್ನು ಇನ್ನೊಮ್ಮೆ ಇಟ್ಟೆ. ಕಡಿಮೆಯಾಗಿದ್ದು ಏಳುನೂರ ಇಪ್ಪತ್ತು ಮಿಲಿ. ಉಳಿದ ಇನ್ನೂರ ಎಂಬತ್ತು ಮಿಲಿ ಎಲ್ಲಿ ಹೋಯಿತು? ಸಿಕ್ಕಿಬಿದ್ದರು ಅಂದುಕೊಂಡೆ. ಸುಳ್ಳೇಕೆ, ಆಗ ನನಗೆ ಖುಷಿಯೇ ಆಯಿತು.

ಅದೇ ವಾರದ ಮೀಟಿಂಗಿನಲ್ಲಿ ಎಲ್ಲ ನಿರ್ದೇಶಕಿಯರ ಎದುರು ಅವರನ್ನು ಕರೆಸಿ ನನ್ನ ಚೀಟಿ ಓದಿದೆ. ಅವರು ಜಗಳ ಆಡಲಿಲ್ಲ. “ನಾನ್ ಒಂದ್ ತೊಟ್ಟೂ ಮುಟ್ಟಿಲ್ಲ ಕಣವ್ವ. ಮಿಷಿನ್ನೇ ಅಂಗ್ ಏಳುದ್ರೆ ನಾನೇನ್ ಮಾಡ್ಲಿ?” ಎಂದು ತಮ್ಮ ಹತ್ತಿರವಿದ್ದ ಡೇರಿಯ ಬೀಗದ ಕೈಯನ್ನು ಮೇಜಿನ ಮೇಲಿಟ್ಟು ಎದ್ದುಹೋದರು. ಮಾತು ಸಂಜೆಯೊಳಗೆ ಊರು ಸುತ್ತಿತು. ಅವರ ಹೆಂಡತಿ ಮರುದಿನದಿಂದ ನಮ್ಮ ಡೇರಿಗೆ ಹಾಲು ಹಾಕುವುದನ್ನು ನಿಲ್ಲಿಸಿದರು.

ಅದಾಗಿ ಎರಡು ವಾರಕ್ಕೆ ನಾನೇ ಮದ್ದೂರಿನ ಬಂಕಿಗೆ ಹೋಗಿ ಐದು ಲೀಟರ್ ಪೆಟ್ರೋಲ್ ತಂದೆ. ರೂಢಿಯಂತೆ ಮಿಷಿನ್ನಿಗೆ ಇಟ್ಟು ಖಾಲಿ ಕ್ಯಾನಿನ ಲೆಕ್ಕ ಕಳೆದರೆ ಮೂರು ಲೀಟರ್ ಆರುನೂರು! ಮೈಯೆಲ್ಲ ಉರಿದುಹೋಯಿತು. ಊರಿಗೆ ಊರೇ ಕಳ್ಳರು ಅಂದುಕೊಂಡು ಕ್ಯಾನು ಎತ್ತಿಕೊಂಡು ಮತ್ತೆ ಮದ್ದೂರಿನ ಬಸ್ಸು ಹತ್ತಿದೆ. ಕಂಡಕ್ಟರು ಕ್ಯಾನು ನೋಡಿ ಇಳಿಸಿದ. ಕೊನೆಗೆ ಆಟೋ ಮಾಡಿಕೊಂಡು ಹೋದೆ.

ಬಂಕಿನಾತ ನನ್ನ ಕೂಗಾಟ ಪೂರ್ತಿ ಕೇಳಿಸಿಕೊಂಡ. ಆಮೇಲೆ “ಯಾವುದ್ರಲ್ಲಿ ಅಳೆದ್ರಿ ಅಕ್ಕ?” ಎಂದ. ಡೇರಿ ಮಿಷಿನ್ನಿನಲ್ಲಿ ಎಂದೆ. ಅವನು ನಗಲಿಲ್ಲ. ಸೀಲು ಹಾಕಿದ ಐದು ಲೀಟರಿನ ಅಳತೆ ಪಾತ್ರೆ ತಂದು ನನ್ನ ಕ್ಯಾನಿನಿಂದಲೇ ಸುರಿದ. ಗೆರೆಗೆ ಸರಿಯಾಗಿ ಬಂತು. ನಂತರ ಉದ್ದನೆಯ ಗಾಜಿನ ಜಾಡಿಗೆ ಪೆಟ್ರೋಲ್ ಹುಯ್ದು ಒಂದು ಗಾಜಿನ ಕಡ್ಡಿ ತೇಲಿಬಿಟ್ಟ. “ನೋಡಿ, ಲೀಟ್ರಿಗೆ ಏಳ್ನೂರ ನಲ್ವತ್ತೆರಡು ಗ್ರಾಂ. ಪೆಟ್ರೋಲು ಅಗುರ ಅಕ್ಕ.”

ಆ ಕಡ್ಡಿ ನನಗೆ ಹೊಸದಲ್ಲ. ನಾನು ದಿನಾ ಹಾಲಿನಲ್ಲಿ ತೇಲಿಬಿಡುವುದೂ ಅದೇ ಜಾತಿಯದು. ನಮ್ಮ ಮಿಷಿನ್ನು ತೂಗುವುದು ತೂಕವನ್ನು, ತೋರಿಸುವುದು ಲೀಟರನ್ನು. ಹಾಲು ಲೀಟರಿಗೆ ಸಾವಿರದ ಮೂವತ್ತು ಗ್ರಾಂ ಎಂದು ಅದಕ್ಕೆ ಮೊದಲೇ ಹೇಳಿಕೊಟ್ಟಿರುತ್ತಾರೆ. ಏನಿಟ್ಟರೂ ಅದಕ್ಕೆ ಹಾಲೇ. ಬಂಕಿನ ಕಟ್ಟೆಯ ಮೇಲೆ ಕೂತು ಅಂಗೈ ಮೇಲೆ ಲೆಕ್ಕ ಹಾಕಿದೆ. ಅದು ತೋರಿಸಿದ ಏಳುನೂರ ಇಪ್ಪತ್ತು ಮಿಲಿ ಹಾಲಿನ ತೂಕ ಏಳುನೂರ ನಲವತ್ತೆರಡು ಗ್ರಾಂ. ಅಷ್ಟೇ ತೂಕದ ಪೆಟ್ರೋಲ್ ಎಂದರೆ ಭರ್ತಿ ಒಂದು ಲೀಟರ್. ಗಂಟೆಗೆ ಒಂದು ಲೀಟರ್.

ಸೀದಾ ಅವರ ಮನೆಗೆ ಹೋದೆ. ಜಗಲಿಯ ಮೇಲೆ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು. ಎಲ್ಲವನ್ನೂ ಬಿಡಿಸಿ ಹೇಳಿ, “ತಪ್ಪಾಯ್ತು ಮಾವ. ನಾನ್ ಅಳೆದಿದ್ದೇ ತಪ್ಪು. ಮೀಟಿಂಗಲ್ಲೂ ಏಳ್ತೀನಿ, ನಾಳಿಂದ ಬನ್ನಿ” ಎಂದೆ.

“ಅಳ್ತೆ ತಪ್ಪೋದು ಇದ್ದದ್ದೇ ಬುಡವ್ವ. ಇದು ನಂಗೂ ಗೊತ್ತಿರ್ನಿಲ್ಲ” ಎಂದರು. ಎರಡು ಬೀಜ ತೆಗೆದು ಪಕ್ಕಕ್ಕಿಟ್ಟರು. “ಆದ್ರೆ ನಾನು ಊರಲ್ಲಿಲ್ದಾಗ ಬಾಗ್ಲಾಕ್ಕೊಂಡು ಅಳೆದ್ಯಲ್ಲ, ಅದ್ಯಾಕೆ? ನನ್ ಮುಂದೇನೆ ಅಳೀಬೋದಿತ್ತಲ್ಲವ್ವ.”

ಹೇಳಿದ ಹಾಗೆ ಮೀಟಿಂಗಿನಲ್ಲಿ ನನ್ನ ತಪ್ಪು ಒಪ್ಪಿಕೊಂಡೆ, ಪುಸ್ತಕದಲ್ಲೂ ಬರೆಸಿದೆ. ಅವರು ಮಾತ್ರ ಬರಲಿಲ್ಲ. ಈಗ ಜನರೇಟರಿಗೆ ಪೆಟ್ರೋಲ್ ಹಾಕುವವಳೂ ನಾನೇ, ಬರೆದುಕೊಳ್ಳುವವಳೂ ನಾನೇ. ಎಷ್ಟು ಬರೆದರೂ ಯಾರೂ ನನ್ನನ್ನು ಕೇಳುವುದಿಲ್ಲ.