ಕಿಯೊಜಿಯ ಎಂಟು ನಿಮಿಷಗಳು

ನನ್ನ ಗಂಡ ಕಿಯೊಜಿ ತಾತೆಯಾಮಾ ಬೆಟ್ಟಸಾಲಿಗೆ ಹೋಗುವ ಯೋಜನೆ ಹಾಕಲು ಶುರುಮಾಡಿ ಐವತ್ತೆಂಟು ವರ್ಷವಾಯಿತು. ಆ ಬೆಟ್ಟ ನಮ್ಮ ಅಡುಗೆಮನೆಯ ಕಿಟಕಿಯಿಂದಲೇ ಕಾಣುತ್ತದೆ. ತೊಯಾಮಾ ಊರಿನಲ್ಲಿ ಅದು ಯಾರ ಮನೆಗೆ ಕಾಣುವುದಿಲ್ಲ ಹೇಳಿ! ಬೆಳಿಗ್ಗೆ ಹೊರಟರೆ ಮಧ್ಯಾಹ್ನದ ಊಟಕ್ಕೆ ಮೇಲಿರಬಹುದು. ಒಸಾಕಾದಿಂದ, ತೈವಾನಿನಿಂದ ಜನ ಬಂದು ದಾರಿಯ ಎರಡೂ ಬದಿ ಎದ್ದಿರುವ ಹಿಮದ ಗೋಡೆಯ ಮುಂದೆ ಫೋಟೋ ತೆಗೆಸಿಕೊಂಡು ಹೋಗುತ್ತಾರೆ. ಈ ಮಹಾರಾಯ ಮಾತ್ರ ಇನ್ನೂ ಯೋಜನೆಯಲ್ಲೇ ಇದ್ದಾನೆ. ಏಕವಚನಕ್ಕೆ ಕ್ಷಮಿಸಿ. ಒಂದೇ ಕ್ಲಾಸಿನಲ್ಲಿ ಕೂತು ಇವನ ಸುರಿಯುವ ಮೂಗು ನೋಡಿದವಳು ನಾನು.

ನಮ್ಮಲ್ಲಿ ಆರನೇ ಕ್ಲಾಸಿನ ಮಕ್ಕಳು ತಾತೆಯಾಮಾ ಹತ್ತಲೇಬೇಕು. ಹಿಂದಿನ ಕಾಲದಲ್ಲಿ ಅದನ್ನು ಹತ್ತಿ ಬಂದ ಹುಡುಗನನ್ನು ಮಾತ್ರ ಗಂಡಸು ಅಂತ ಒಪ್ಪುತ್ತಿದ್ದರಂತೆ. ನಾನೂ ಹತ್ತಿದೆ, ದಾರಿಯುದ್ದಕ್ಕೂ ಅತ್ತುಕೊಂಡೇ ಹತ್ತಿದೆ. ಕಿಯೊಜಿ ಆ ದಿನ ಹೊಟ್ಟೆನೋವೆಂದು ಮನೆಯಲ್ಲಿ ಮಲಗಿದ್ದ. ಶಿಖರದ ಗುಡಿಯ ಮುಂದೆ ತೆಗೆದ ಫೋಟೋದಲ್ಲಿ ನಾವು ನಲವತ್ತಮೂರು ಮಕ್ಕಳು ಗಾಳಿಗೆ ಕಣ್ಣು ಕಿರಿದು ಮಾಡಿಕೊಂಡು ನಿಂತಿದ್ದೇವೆ. ಬಾರದೆ ಉಳಿದವರ ಮುಖವನ್ನು ಫೋಟೋದ ಮೂಲೆಯಲ್ಲೊಂದು ವೃತ್ತದೊಳಗೆ ಅಂಟಿಸುವುದು ಶಾಲೆಯ ಪದ್ಧತಿ. ಹಾಗೆ ಕಿಯೊಜಿ ಮೋಡಗಳ ಪಕ್ಕದಲ್ಲಿ ಒಬ್ಬನೇ ಇದ್ದಾನೆ. ಆ ಫೋಟೋ ನೋಡಿದವರೆಲ್ಲ, "ಪಾಪ, ಈ ಹುಡುಗ ತೀರಿಕೊಂಡನಾ?" ಅಂತಲೇ ಕೇಳುವುದು.

ನಮ್ಮ ಕ್ಲಾಸಿನ ತೊಕುಜೊ, ಈಗ ಮೀನಂಗಡಿಯ ಯಜಮಾನ, ಆ ವೃತ್ತದಿಂದ ಇಣುಕುವ ಮುಖ ನೋಡಿದಂದಿನಿಂದ ಇವನನ್ನು ಕರೆಯುವುದೇ ‘ಕಿಟಕಿ’ ಅಂತ. ನಮ್ಮ ಮದುವೆಯ ದಿನ ನೂರು ಜನರ ಮುಂದೆ ಎದ್ದು ನಿಂತು, "ನಮ್ಮ ಕಿಟಕಿಗೆ ಕೊನೆಗೂ ಒಂದು ಮನೆ ಸಿಕ್ಕಿತು" ಎಂದು ಭಾಷಣ ಮಾಡಿದ. ಅವನ ಗಂಟಲಲ್ಲಿ ಮೀನಿನ ಮುಳ್ಳು ಸಿಕ್ಕಿಕೊಳ್ಳಬಾರದೇ ಎಂದು ಅವತ್ತು ಮನಸ್ಸಿನಲ್ಲೇ ಶಪಿಸಿದ್ದೆ.

ಹೆಣ್ಣು ಕೇಳಲು ಬಂದಾಗ ನಮ್ಮಪ್ಪ ಸಂಬಳ ಕೇಳಲಿಲ್ಲ, ಮನೆತನ ಕೇಳಲಿಲ್ಲ. "ತಾತೆಯಾಮಾ ಹತ್ತಿದ್ದೀಯೇನಪ್ಪಾ?" ಎಂದು ಕೇಳಿದ. ಕಿಯೊಜಿ ಚಾಪೆಗೆ ಹಣೆ ಮುಟ್ಟಿಸಿ, "ಯೋಜನೆ ನಡೀತಾ ಇದೆ, ಮಾವ" ಅಂದ. ಅಪ್ಪ ಸಾಯುವವರೆಗೂ ಪ್ರತಿ ಹೊಸವರ್ಷಕ್ಕೆ ಅದೇ ಕೇಳುತ್ತಿದ್ದ, ಇವನೂ ಅದೇ ಹೇಳುತ್ತಿದ್ದ.

ಕೆಲಸದಲ್ಲಿ ಇವನಷ್ಟು ಕಟ್ಟುನಿಟ್ಟಿನ ಮನುಷ್ಯ ಇಲ್ಲ. ಮೂವತ್ತೆಂಟು ವರ್ಷ ನಗರದ ಟ್ರಾಮ್ ಓಡಿಸಿದ, ಒಂದು ದಿನವೂ ಅರ್ಧ ನಿಮಿಷ ತಡವಾಗಲಿಲ್ಲ. ದೂರದೂರಿಗೆ ಹೋಗುವ ರೈಲಿನ ಕೆಲಸ ಕೊಡುತ್ತೇವೆಂದು ಎರಡು ಸಲ ಕರೆದರು. ಎರಡು ಸಲವೂ ಒಲ್ಲೆ ಅಂದ. ನನಗಂತೂ ಮೈಯೆಲ್ಲ ಉರಿದಿತ್ತು. ಅದರ ಕಾರಣ ತಿಳಿದದ್ದು ನನ್ನ ಅತ್ತೆ ಆಸ್ಪತ್ರೆಯಲ್ಲಿದ್ದಾಗ. ಒಂದು ಮಧ್ಯಾಹ್ನ ಪೇರ್ ಹಣ್ಣಿನ ಸಿಪ್ಪೆ ತೆಗೆಯುತ್ತಿದ್ದ ನನ್ನ ಕೈ ಹಿಡಿದು ಹೇಳಿದರು: "ಫುಸಾಯೆ, ಅವತ್ತು ಅವನಿಗೆ ಹೊಟ್ಟೆನೋವು ಇರಲಿಲ್ಲ ಕಣೆ. ಹನ್ನೆರಡು ವರ್ಷ ಆದ್ರೂ ಹಾಸಿಗೇಲಿ ಉಚ್ಚೆ ಹುಯ್ಕೋತಿದ್ದ. ಬೆಟ್ಟದ ಮೇಲೆ ಒಂದು ರಾತ್ರಿ ಎಲ್ಲರ ಜೊತೆ ಮಲಗ್ಬೇಕಲ್ಲ, ಹೆದರಿಬಿಟ್ಟ. ನಿಂಗೆ ಗೊತ್ತು ಅಂತ ಅವನಿಗೆ ತೋರಿಸ್ಕೋಬೇಡ." ನಾನೂ ತೋರಿಸಿಕೊಳ್ಳಲಿಲ್ಲ. ಟ್ರಾಮಿನ ದಾರಿಯ ಎರಡೂ ತುದಿಯಲ್ಲಿ ಕಕ್ಕಸಿತ್ತು, ಎಲ್ಲಿದೆ, ಎಷ್ಟು ಹೊತ್ತಿಗೆ ತಲುಪುತ್ತೇನೆ ಎಂದು ಇವನಿಗೆ ಗೊತ್ತಿತ್ತು. ಹಾಸಿಗೆಯ ತೊಂದರೆ ಯಾವಾಗಲೋ ಹೋಗಿತ್ತು, ಹೆದರಿಕೆ ಮಾತ್ರ ಹೋಗಿರಲಿಲ್ಲ. ಅರವತ್ತೈದು ದಾಟಿದ ಮೇಲಂತೂ ಗಂಟೆಗೊಮ್ಮೆ ಎದ್ದು ಹೋಗುವ ವಯಸ್ಸೂ ಬಂತು.

ಈ ವರ್ಷ ನಮ್ಮ ಕ್ಲಾಸಿನವರಿಗೆಲ್ಲ ಎಪ್ಪತ್ತು. ಉಳಿದಿರುವ ಹದಿನಾಲ್ಕು ಜನ ಸೇರಿ, ಎಲ್ಲರೂ ಇನ್ನೊಂದು ಸಲ ತಾತೆಯಾಮಾಕ್ಕೆ ಹೋಗುವುದು, ಇದೇ ಕೊನೆಯ ಸಲ ಎಂದು ತೀರ್ಮಾನ ಮಾಡಿದೆವು. ಎಂಬತ್ತಮೂರು ವರ್ಷದ ನಮ್ಮ ಸುಗಿನೊ ಟೀಚರ್, ಕೋಲು ಹಿಡಿದುಕೊಂಡಾದರೂ ಬಸ್ಸು ನಿಲ್ಲುವ ಜಾಗದ ತನಕ ಬರುತ್ತೇನೆ ಎಂದರು. ಯೋಜನೆ ಹಾಕುವ ಕೆಲಸ ಯಾರಿಗೆ? ತೊಕುಜೊ ಫೋನಿನಲ್ಲಿ ಕೂಗಿದ: "ನಮ್ಮ ಕಿಟಕಿಗೇ ಕೊಡಿ! ಐವತ್ತೆಂಟು ವರ್ಷದ ಅನುಭವ ಇದೆ!"

ನಗುವ ಮಾತು ನಿಜ. ಆದರೆ ಫೋನು ಇಟ್ಟ ಕಿಯೊಜಿಯ ಮುಖದಲ್ಲಿ ನಗು ಇರಲಿಲ್ಲ. ಈ ಸಲ ತಪ್ಪಿದರೆ ಇವನಿಗೆ ತಾತೆಯಾಮಾ ಇಲ್ಲ. ಅದು ಇವನಿಗೂ ಗೊತ್ತಿತ್ತು.

ಮೂರು ವಾರ ಊಟದ ಮೇಜಿನ ಮೇಲೆ ಊಟಕ್ಕೆ ಜಾಗವಿರಲಿಲ್ಲ. ಶಾಲೆಯ ಪ್ರವಾಸಕ್ಕೆ ಮಕ್ಕಳಿಗೆ ಕೊಡುತ್ತಾರಲ್ಲ, ಅಂಥದೇ ಕೈಪುಸ್ತಕ ತಯಾರಾಗುತ್ತಿತ್ತು. ಮೊದಲ ಪುಟದಲ್ಲಿ ಕೈಯಾರೆ ಬರೆದ ಬೆಟ್ಟ. ಎರಡನೆಯದರಲ್ಲಿ ತರಬೇಕಾದ ಸಾಮಾನು: ಟೋಪಿ, ಕರವಸ್ತ್ರ, ಹಲ್ಲುಸೆಟ್ಟಿನ ಡಬ್ಬಿ. ಮೂರನೆಯದರಲ್ಲಿ ನಿಯಮಗಳು: ಸಾಲು ಬಿಡಬಾರದು, ಹೇಳಿದ್ದಕ್ಕಿಂತ ಐದು ನಿಮಿಷ ಮುಂಚೆ ಸೇರಬೇಕು, ಕುರುಕಲು ಮಿತಿ ಮೀರಬಾರದು, ಬಾಳೆಹಣ್ಣು ಮಾತ್ರ ಆ ಲೆಕ್ಕಕ್ಕೆ ಬರುವುದಿಲ್ಲ. ನಾಲ್ಕನೆಯದರಿಂದ ವೇಳಾಪಟ್ಟಿ. ಒಂದು ಸಂಜೆ ಅದನ್ನು ಓದಿ ನಾನು ಕೇಳಿದೆ:

"ಇದೇನೋ, ‘ತಾತೆಯಾಮಾ ನಿಲ್ದಾಣದ ಕಟ್ಟಡ ವೀಕ್ಷಣೆ, ಎಂಟು ನಿಮಿಷ’? ಆ ಕಟ್ಟಡದಲ್ಲಿ ಏನಿದೆ ನೋಡೋಕೆ?"

"ಚೆನ್ನಾಗಿದೆಯಂತೆ."

"‘ಬಿಜೊದಾಯಿರಾದಲ್ಲಿ ಹಕ್ಕಿಗಳ ದನಿ ಆಲಿಸುವುದು, ಎಂಟು ನಿಮಿಷ.’ ನಿನಗೆ ಬಾಗಿಲ ಗಂಟೆ ಹೊಡೆದರೇ ಕೇಳಲ್ಲ."

"ಬೇರೆಯವರಿಗೆ ಕೇಳುತ್ತೆ."

"ಅಲ್ಲಿಂದ ಬಸ್ಸು ಐವತ್ತು ನಿಮಿಷಕ್ಕೆ ಸೀದಾ ಮೇಲೆ ಹೋಗುತ್ತೆ. ನೀನು ಮಧ್ಯದಲ್ಲಿ ಇಳಿಸಿ, ‘ಹೂವುಗಳ ದರ್ಶನ, ಎಂಟು ನಿಮಿಷ’ ಅಂತ ಹಾಕಿ, ಮುಂದಿನ ಬಸ್ಸು ಹತ್ತಿಸ್ತೀಯ?"

ಅವನು ಪೆನ್ಸಿಲ್ ಚೂಪು ಮಾಡತೊಡಗಿದ. ಅದು ಆಗಲೇ ಚೂಪಾಗಿತ್ತು. ನನಗೆ ಆಗ ಹೊಳೆಯಿತು ನೋಡಿ, ಎಣಿಸಿದೆ: ಹನ್ನೊಂದು ಕಡೆ ಎಂಟು ನಿಮಿಷ, ಹನ್ನೊಂದೂ ಕಕ್ಕಸುಗಳು! ನಗು ಬಂತು, ಅದರ ಹಿಂದೆಯೇ ಅಳುವೂ ಬಂತು. ಮೂಲಂಗಿ ಹೆಚ್ಚುತ್ತೇನೆಂದು ಎದ್ದುಹೋದೆ.

ಯೋಜನೆ ಒಪ್ಪಿಸುವ ಸಭೆ ಮಿತ್ಸುಯೊಳ ಮನೆಯಲ್ಲಿ. ಅವಳೂ ನಮ್ಮ ಕ್ಲಾಸಿನವಳೇ, ಕೆಳಗೆ ನೂಡಲ್ಸ್ ಅಂಗಡಿ, ಮೇಲೆ ದೊಡ್ಡ ಕೋಣೆ. ಕಿಯೊಜಿ ಬೂದು ಸೂಟು ಹಾಕಿಕೊಂಡು, ಟೀಚರಿಗೆ ಮೊದಲು, ಆಮೇಲೆ ಎಲ್ಲರಿಗೂ ಎರಡು ಕೈಯಲ್ಲಿ ಕೈಪುಸ್ತಕ ಕೊಟ್ಟ. ನವಿರಾಗಿ ಹೆರೆದ ಕಡಲಸೊಪ್ಪು ಸುತ್ತಿದ ಅನ್ನದುಂಡೆ ತಿನ್ನುತ್ತಾ ಎಲ್ಲರೂ ಪುಟ ತಿರುವಿದರು. ತೊಕುಜೊನ ಕಣ್ಣು ನಾಲ್ಕನೇ ಪುಟಕ್ಕೆ ಬಿತ್ತು.

"ಲೋ ಕಿಟಕಿ, ಏನೋ ಇದು? ಹಕ್ಕಿಗೆ ಎಂಟು, ಹೂವಿಗೆ ಎಂಟು, ‘ಮೋಡಗಳ ಬಗ್ಗೆ ಚಿಂತನೆ’ ಎಂಟು! ನಾವು ಬೆಟ್ಟ ಹತ್ತೋಕೆ ಹೋಗ್ತಿದ್ದೀವೋ, ಸನ್ಯಾಸ ತಗೊಳ್ಳೋಕೋ? ಹೀಗೆ ಇಳಿದು ಹತ್ತಿ, ಇಳಿದು ಹತ್ತಿ ಹೋದ್ರೆ ಹಿಮ ಬೀಳೋ ಹೊತ್ತಿಗೆ ತಲುಪ್ತೀವಿ. ಹೋಗೋಕೆ ಮನಸ್ಸಿಲ್ಲ ಅಂತ ನೇರವಾಗಿ ಹೇಳಿಬಿಡು ಮಾರಾಯ, ನಾನು ಬೇರೆ ಪಟ್ಟಿ ಮಾಡ್ತೀನಿ. ಮೂರೇ ಸಾಲು ಸಾಕು!"

ಹಲವರು ನಕ್ಕರು. ಪಟ್ಟಿ ತೊಕುಜೊನ ಕೈಗೆ ಹೋದರೆ ಇವನು ಮನೆಯಲ್ಲೇ ಉಳಿಯುತ್ತಾನೆ, ಅದು ನನಗೆ ಖಂಡಿತ ಗೊತ್ತಿತ್ತು. ನಾನು ಬಾಯಿ ತೆರೆಯುವಷ್ಟರಲ್ಲಿ ಕಿಯೊಜಿ ಎದ್ದು ನಿಂತ. ಟ್ರಾಮಿನಲ್ಲಿ ನಿಲ್ದಾಣ ಕೂಗುವ ದನಿಯಲ್ಲಿ ಅಂದ:

"ಅವೆಲ್ಲಾ ಕಕ್ಕಸುಗಳು ಕಣೋ! ಹನ್ನೊಂದೂ! ನನಗೆ ತಡ್ಕೊಳ್ಳೋಕಾಗಲ್ಲ!"

ಮಿತ್ಸುಯೊ ಎದೆಯ ಮೇಲೆ ಕೈಯಿಟ್ಟುಕೊಂಡಳು. "ಅಯ್ಯಪ್ಪಾ, ಬದುಕಿದೆ! ಆ ಬಸ್ಸಿನ ಐವತ್ತು ನಿಮಿಷ ನೆನೆಸ್ಕೊಂಡೇ ನಾನು ಬರಲ್ಲ ಅಂತ ಹೇಳೋಳಿದ್ದೆ ಕಣೋ. ಮೊಣಕಾಲಿನ ನೆಪ ರೆಡಿ ಮಾಡಿಟ್ಟಿದ್ದೆ!" ಹಿಂದಿನಿಂದ ಯಾರೋ, "ಎಂಟು ನಿಮಿಷ ಸಾಲಲ್ಲಪ್ಪ, ಹತ್ತು ಮಾಡು" ಅಂದರು. "ಹೆಂಗಸರಿಗೆ ಹದಿನೈದು!" ಎಂದು ಇನ್ನೊಬ್ಬಳು. ಒಂದೇ ಗಳಿಗೆಯಲ್ಲಿ ಎಲ್ಲರೂ ಪೆನ್ನು ತೆಗೆದು ಪಟ್ಟಿ ತಿದ್ದತೊಡಗಿದರು.

ತೊಕುಜೊ ಒಬ್ಬನಿಗೆ ಸೋಲಲು ಮನಸ್ಸಿರಲಿಲ್ಲ. "ಹಾಗಾದ್ರೆ ಆರನೇ ಕ್ಲಾಸಲ್ಲೂ ಇದೇ ಕತೆಯೇನೋ?" ಎಂದು ಕೆಣಕಿದ.

"ಹೂಂ," ಅಂದ ಕಿಯೊಜಿ. "ಹಾಸಿಗೇಲಿ ಹುಯ್ಕೋತಿದ್ದೆ. ನೀವೆಲ್ಲ ನೋಡಿಬಿಡ್ತೀರ ಅಂತ ಬರಲಿಲ್ಲ."

ಯಾರೂ ನಗಲಿಲ್ಲ. ಸುಗಿನೊ ಟೀಚರ್ ಚಹಾದ ಬಟ್ಟಲನ್ನು ಕೆಳಗಿಟ್ಟರು.

"ಕಿಯೊಜಿ, ಇಷ್ಟಕ್ಕೇನೋ? ಅವತ್ತು ರಾತ್ರಿ ಆ ವಸತಿಗೃಹದಲ್ಲಿ ಆರು ಹುಡುಗರು ಹಾಸಿಗೆ ಒದ್ದೆ ಮಾಡಿದ್ರು. ಪ್ರತಿ ವರ್ಷವೂ ಆಗೋದೇ. ಬೆಳಗಾಗೋದರೊಳಗೆ ಒಬ್ಬೊಬ್ಬರನ್ನೇ ಮೆಲ್ಲಗೆ ಎಬ್ಬಿಸಿ, ಬಟ್ಟೆ ಬದಲಾಯಿಸಿ, ಒಲೆ ಮುಂದೆ ಎಲ್ಲ ಒಣಗಿಸಿಟ್ಟೆ. ಒಬ್ಬರದ್ದು ಇನ್ನೊಬ್ಬರಿಗೆ ಗೊತ್ತಾಗಲಿಲ್ಲ. ನೀನು ಬಂದಿದ್ರೆ ಏಳನೆಯವನು ಆಗ್ತಿದ್ದೆ, ಅಷ್ಟೇ."

"ಆರು?" ಎಂದ ಕಿಯೊಜಿ.

"ಆರು."

"ಯಾರ್ಯಾರು ಟೀಚರ್?"

"ಅದನ್ನ ಹೇಳ್ತೀನೇನೋ? ಹೇಳಲ್ಲ ಅಂತ ಮಾತು ಕೊಟ್ಟಿದ್ದೀನಿ," ಎಂದು ಟೀಚರ್ ಮತ್ತೆ ಚಹಾ ಎತ್ತಿಕೊಂಡರು. ತೊಕುಜೊ ತಲೆಯೆತ್ತದೆ ಅನ್ನದುಂಡೆಯ ಅಗುಳುಗಳನ್ನು ಒಂದೊಂದಾಗಿ ಹೆಕ್ಕುತ್ತಿದ್ದ. ಅವನ ಎರಡೂ ಕಿವಿ ಕೆಂಪಗಾಗಿದ್ದವು. ಅವನನ್ನು ನೋಡಿ ನನಗೆ ಕುಣಿಯಬೇಕೆನಿಸಿತು, ದೇವರಾಣೆ.

ಕಿಯೊಜಿ ಮಾತ್ರ ಅತ್ತ ನೋಡಲೇ ಇಲ್ಲ. "ಐವತ್ತೆಂಟು ವರ್ಷ," ಎಂದ, ಯಾರಿಗೋ ಗೊತ್ತಿಲ್ಲ. "ಥೂ ನನ್ನ." ಕಣ್ಣೊರೆಸಿಕೊಂಡು ನಕ್ಕ. ಕೋಟಿನ ಗುಂಡಿ ಹಾಕಿಕೊಂಡು, ಇಡೀ ಕೋಣೆಗೆ ಕೇಳುವಂತೆ, "ನಾನೀಗ ಉಚ್ಚೆಗೆ ಹೋಗ್ಬರ್ತೀನಿ. ಎಂಟು ನಿಮಿಷ," ಎಂದು ಘೋಷಿಸಿ ಮೆಟ್ಟಿಲಿಳಿದ.

ಮರುಗಳಿಗೆ ನಾಲ್ಕೈದು ಗಂಡಸರು ಮೊಣಕಾಲು ಹಿಡಿದುಕೊಂಡು ಎದ್ದರು. ಎಲ್ಲರಿಗಿಂತ ಮೊದಲು ಎದ್ದವನು ತೊಕುಜೊ. "ಲೋ ಕಿಯೊಜಿ, ನಿಲ್ಲೋ, ನಾನೂ ಬಂದೆ," ಎಂದು ಅವಸರದಲ್ಲಿ ಇಳಿದ.